ತಣ್ಣಗಾಗುವ ಬೆರಳುಗಳನ್ನು ಥರ್ಮಲ್ ಕ್ಯಾಮೆರಾದಲ್ಲಿ ಓದುವುದು ಹೇಗೆ?

ತಣ್ಣೀರಿಗೆ ಕೈ ಹಾಕಿದಾಗ, ಎ.ಸಿ. ಕೋಣೆಯಲ್ಲಿ ಕೂತಾಗ, ಫ್ರಿಜ್‌ನಿಂದ ಹಾಲಿನ ಪ್ಯಾಕೆಟ್ ತೆಗೆದಾಗ ಕೆಲವರ ಬೆರಳ ತುದಿ ಬಿಳಿಚಿ ಮರಗಟ್ಟುತ್ತದೆ, ಆಮೇಲೆ ನೀಲಿಗಟ್ಟುತ್ತದೆ, ಕೊನೆಗೆ ಕೆಂಪಾಗಿ ಉರಿಯುತ್ತದೆ. ಫ್ರೆಂಚ್ ವೈದ್ಯ ಮೋರಿಸ್ ರೇನೋ 1862ರಲ್ಲಿ ಇದನ್ನು ವಿವರಿಸಿದ್ದರಿಂದ ಈ ತೊಂದರೆಗೆ ಅವರದೇ ಹೆಸರು ಉಳಿದಿದೆ. ಈ ಬಣ್ಣಗಳು ಬಿಳಿಯರ ಚರ್ಮದಲ್ಲಿ ಎದ್ದು ಕಾಣುತ್ತವೆ. ನಮ್ಮ ಕಂದು ಚರ್ಮದಲ್ಲಿ, ಅದರಲ್ಲೂ ಹಿಂಗೈ ಕಡೆ, ಬಿಳಿಚಿದ್ದು ಕಣ್ಣಿಗೆ ಬೀಳುವುದೇ ಕಷ್ಟ. "ಬೆರಳು ಸತ್ತ ಹಾಗಾಗುತ್ತೆ ಡಾಕ್ಟ್ರೇ" ಎಂದು ರೋಗಿ ಹೇಳುತ್ತಾರೆ. ನೋಡಿದರೆ ಕೈ ಎಂದಿನಂತೆಯೇ ಇರುತ್ತದೆ. ಅಂಗೈ ಕಡೆಯ ತುದಿಯಲ್ಲಿ, ಉಗುರಿನ ಕೆಳಗೆ ಹುಡುಕಿದರೆ ಅಷ್ಟಿಷ್ಟು ಗೊತ್ತಾಗಬಹುದು, ಆದರೆ ಕ್ಲಿನಿಕ್ ತಲುಪುವ ಹೊತ್ತಿಗೆ ಅದೂ ಮಾಯವಾಗಿರುತ್ತದೆ.

ಥರ್ಮಲ್ ಕ್ಯಾಮೆರಾ ನೆರವಿಗೆ ಬರುವುದು ಇಲ್ಲಿ. ಚರ್ಮ ಹೊರಸೂಸುವ ಅವಗೆಂಪು ಕಿರಣಗಳನ್ನು ಅದು ಸುಮಾರು 8ರಿಂದ 14 ಮೈಕ್ರಾನ್ ಅಲೆಯುದ್ದದಲ್ಲಿ ಅಳೆಯುತ್ತದೆ. ಆ ಅಲೆಯುದ್ದದಲ್ಲಿ ಚರ್ಮದ ಬಣ್ಣ ಲೆಕ್ಕಕ್ಕೆ ಬರುವುದಿಲ್ಲ. ಕಪ್ಪು, ಕಂದು, ಬಿಳಿ ಯಾವುದೇ ಇರಲಿ, ಶಾಖ ಹೊರಸೂಸುವ ಸಾಮರ್ಥ್ಯ (ಎಮಿಸಿವಿಟಿ) 0.98ರ ಆಸುಪಾಸಿನಲ್ಲೇ ಇರುತ್ತದೆ. ಆದರೂ ಒಂದು ಮಾತು ಮೊದಲೇ ಹೇಳಬೇಕು. ಕ್ಯಾಮೆರಾ ಅಳೆಯುವುದು ಚರ್ಮದ ಮೇಲ್ಮೈಯ ಬಿಸಿಯನ್ನು. ರಕ್ತ ಎಷ್ಟು ಹರಿಯುತ್ತಿದೆ ಎಂಬುದನ್ನು ಅದರಿಂದ ನಾವು ಊಹಿಸುತ್ತೇವೆ. ಪರೀಕ್ಷೆಯಲ್ಲಿ ಕೈಯನ್ನು ತಣ್ಣೀರಿನಲ್ಲಿ ಮುಳುಗಿಸಿ, ಅದು ಮತ್ತೆ ಬೆಚ್ಚಗಾಗುವುದನ್ನು ಕ್ಯಾಮೆರಾದಲ್ಲಿ ನೋಡುತ್ತೇವೆ. ನಮ್ಮ ಊಹೆ ಸರಿಯಾಗಬೇಕಾದರೆ ಕೋಣೆ, ನೀರು, ಸಮಯ ಮೂರೂ ನಮ್ಮ ಹಿಡಿತದಲ್ಲಿರಬೇಕು.

ಬೆರಳ ತುದಿಯಲ್ಲಿ ಸಣ್ಣ ಅಪಧಮನಿಗಳಿಂದ ಅಭಿಧಮನಿಗಳಿಗೆ ನೇರವಾಗಿ ರಕ್ತ ದಾಟಿಸುವ ಒಳದಾರಿಗಳು ದಟ್ಟವಾಗಿವೆ. ಅವು ತೆರೆದರೆ ತುದಿ ಬೆಚ್ಚಗಾಗುತ್ತದೆ, ಮುಚ್ಚಿದರೆ ತಣ್ಣಗಾಗುತ್ತದೆ. ಅವುಗಳ ಹತೋಟಿ ನಮ್ಮ ಇಚ್ಛೆಗೆ ಒಳಪಡದ ಸಿಂಪಥೆಟಿಕ್ ನರಗಳ ಕೈಯಲ್ಲಿದೆ. ಹಾಗಾಗಿ ಚಳಿಗೆ ಮಾತ್ರವಲ್ಲ, ಹೆದರಿಕೆಗೆ, ಸಿಗರೇಟಿಗೆ, ಸ್ಟ್ರಾಂಗ್ ಕಾಫಿಗೆ ಕೂಡ ಬೆರಳು ತಣ್ಣಗಾಗುತ್ತದೆ. ಪರೀಕ್ಷೆಗೆ ಮುಂಚೆ ನಾಲ್ಕು ಗಂಟೆ ಕಾಫಿ, ಟೀ, ಬೀಡಿ, ಸಿಗರೇಟು ಬೇಡ ಎನ್ನುವುದು ಅದಕ್ಕೇ. ಕೈಗೆ ಕ್ರೀಮ್, ಎಣ್ಣೆ, ನೇಲ್ ಪಾಲಿಶ್ ಇರಬಾರದು. ಉಂಗುರ, ಬಳೆ, ವಾಚು ತೆಗೆದಿಡಬೇಕು. ರಕ್ತನಾಳ ಹಿಗ್ಗಿಸುವ ನಿಫೆಡಿಪಿನ್‌ನಂಥ ಮಾತ್ರೆಯನ್ನು ಆ ದಿನ ಬಿಡಬೇಕೇ ಎಂಬುದನ್ನು ಬರೆದುಕೊಟ್ಟ ವೈದ್ಯರೇ ಹೇಳಬೇಕು, ರೋಗಿ ತಾನಾಗಿ ನಿಲ್ಲಿಸಬಾರದು.

ಕೋಣೆ 23 ಡಿಗ್ರಿ ಸೆಲ್ಸಿಯಸ್, ಹೆಚ್ಚೆಂದರೆ ಒಂದು ಡಿಗ್ರಿ ಆಚೀಚೆ. ಕಲಬುರಗಿಯ ಮೇ ತಿಂಗಳಲ್ಲಿ ಎ.ಸಿ. ಇಲ್ಲದೆ ಈ ಪರೀಕ್ಷೆಗೆ ಅರ್ಥವೇ ಇಲ್ಲ. ಸೆಕೆಯಲ್ಲಿ ಎಲ್ಲರ ಕೈಯೂ ಬೆಚ್ಚಗಿರುತ್ತದೆ, ರೋಗ ಅಡಗಿ ಕೂರುತ್ತದೆ. ಮಡಿಕೇರಿಯ ಡಿಸೆಂಬರಿನಲ್ಲಿ ಹೀಟರ್ ಬೇಕು. ಎ.ಸಿ. ಗಾಳಿಯಾಗಲಿ ಫ್ಯಾನಿನ ಗಾಳಿಯಾಗಲಿ ನೇರವಾಗಿ ಕೈಗೆ ಬಡಿಯಬಾರದು. ರೋಗಿ 20 ನಿಮಿಷ ಸುಮ್ಮನೆ ಕೂರಬೇಕು, ಕೈ ಎದೆಯ ಮಟ್ಟದಲ್ಲಿರಬೇಕು. ಬೆಳಗಿನ ಚಳಿಯಲ್ಲಿ ಬೈಕಿನಲ್ಲಿ ಬಂದಿದ್ದರೆ ಇನ್ನಷ್ಟು ಹೊತ್ತು ಕಾಯಿಸುವುದೇ ಮೇಲು. ಕೈಯನ್ನು ಮೇಜಿನ ಮೇಲೆ ಒತ್ತಿಟ್ಟರೆ ಮೇಜು ಶಾಖ ಹೀರುತ್ತದೆ. ಬಿಗಿದು ಕಟ್ಟಿದ ಬಲೆಯ ಮೇಲೆ ಇಡುವುದು ಒಳ್ಳೆಯದು.

ಕ್ಯಾಮೆರಾ ಆರಿಸುವಾಗ ಲೆಕ್ಕ ಹಾಕಿ ನೋಡಿ. ಎರಡೂ ಕೈ ಚೌಕಟ್ಟಿನಲ್ಲಿ ಹಿಡಿಯಲು ಸುಮಾರು 40 ಸೆಂಟಿಮೀಟರ್ ಅಗಲ ಬೇಕು. 320×240 ಪಿಕ್ಸೆಲ್ ಕ್ಯಾಮೆರಾದಲ್ಲಿ ಒಂದೊಂದು ಪಿಕ್ಸೆಲ್ 1.25 ಮಿಲಿಮೀಟರ್ ಆವರಿಸುತ್ತದೆ, 15 ಮಿಲಿಮೀಟರ್ ಅಗಲದ ಬೆರಳಿಗೆ 12 ಪಿಕ್ಸೆಲ್ ಸಿಗುತ್ತವೆ. ಮೊಬೈಲಿಗೆ ಸಿಕ್ಕಿಸುವ 80×60ರ ಅಗ್ಗದ ಕ್ಯಾಮೆರಾದಲ್ಲಿ ಸಿಗುವುದು ಮೂರೇ ಪಿಕ್ಸೆಲ್. ಅಂಚಿನ ಎರಡರಲ್ಲಿ ಹಿನ್ನೆಲೆಯ ತಂಪೂ ಬೆರೆತು, ಆರೋಗ್ಯವಾದ ಬೆರಳೂ ತಣ್ಣಗೆ ಕಾಣುತ್ತದೆ. ಸೂಕ್ಷ್ಮತೆ 0.05 ಡಿಗ್ರಿ ಎಂದು ಬರೆದಿದ್ದರೂ ಬಹುತೇಕ ಕ್ಯಾಮೆರಾಗಳ ನಿಖರತೆ ±2 ಡಿಗ್ರಿ ಅಷ್ಟೇ. ಆದ್ದರಿಂದ "ಬೆರಳು 27 ಡಿಗ್ರಿ ಇದೆ" ಎಂಬುದಕ್ಕಿಂತ, ಅದೇ ಚಿತ್ರದಲ್ಲಿ ಬೆರಳಿಗೂ ಹಿಂಗೈಗೂ ಎಷ್ಟು ಅಂತರ ಎಂಬುದನ್ನು ನಂಬಬೇಕು. ಕ್ಯಾಮೆರಾವನ್ನು ಕಾಲು ಗಂಟೆ ಮೊದಲೇ ಆನ್ ಮಾಡಿಡಿ, ಬಿಸಿಯಾಗುವ ತನಕ ಅಂಕಿ ಜಾರುತ್ತಲೇ ಇರುತ್ತದೆ. ದಿನವೂ ಸರಿ ನೋಡಲು ಸುಲಭದ ದಾರಿ: ಸ್ಟೀಲ್ ಲೋಟದಲ್ಲಿ 32 ಡಿಗ್ರಿಯ ನೀರು, ಅದರಲ್ಲೊಂದು ಥರ್ಮಾಮೀಟರ್, ಹೊರಗೋಡೆಗೆ ಕಪ್ಪು ಇನ್ಸುಲೇಶನ್ ಟೇಪು. ಕ್ಯಾಮೆರಾದಲ್ಲಿ ಎಮಿಸಿವಿಟಿಯನ್ನು 0.95ಕ್ಕೆ ಇಳಿಸಿ ಟೇಪಿನ ಮೇಲೆ ಅಳೆಯಿರಿ. ಬರೀ ಸ್ಟೀಲಿನ ಮೇಲೆ ಅಳೆದರೆ ಕನ್ನಡಿಯಂತೆ ನಿಮ್ಮ ಮೈಬಿಸಿಯನ್ನೇ ಅದು ತೋರಿಸುತ್ತದೆ.

ಇನ್ನು ತಣ್ಣೀರಿನ ಪರೀಕ್ಷೆ. ಮೊದಲೊಂದು ಚಿತ್ರ. ಆಮೇಲೆ ಕೈಗೆ ತೆಳುವಾದ, ಸಡಿಲವಾದ ಪ್ಲಾಸ್ಟಿಕ್ ಗವಸು ಹಾಕಿ 15 ಡಿಗ್ರಿ ನೀರಿನಲ್ಲಿ ಮಣಿಕಟ್ಟಿನವರೆಗೆ ಒಂದು ನಿಮಿಷ ಮುಳುಗಿಸಬೇಕು. ಗವಸು ಬಿಟ್ಟರೆ ಒದ್ದೆ ಚರ್ಮದಿಂದ ನೀರು ಆರುವಾಗ ಬೆರಳು ಇನ್ನೂ ತಣ್ಣಗಾಗಿ ಲೆಕ್ಕ ಕೆಡುತ್ತದೆ. ಬಿಗಿಯಾದ ಲ್ಯಾಟೆಕ್ಸ್ ಗವಸು ರಕ್ತವನ್ನೇ ಹಿಸುಕುತ್ತದೆ. ಐದಾರು ಲೀಟರಾದರೂ ನೀರು ಬೇಕು, ಇಲ್ಲವಾದರೆ ಕೈಯ ಬಿಸಿಗೆ ನೀರೇ ಬೆಚ್ಚಗಾಗುತ್ತದೆ. ಐಸ್ ಹಾಕಿ ತಣಿಸಿದ್ದರೆ ತುಂಡುಗಳನ್ನು ತೆಗೆದು, ಕಲಕಿ, ಆಮೇಲೆ ಅಳೆಯಿರಿ. ಗವಸು ಬಿಚ್ಚಿದ ತಕ್ಷಣದಿಂದ ಪ್ರತಿ ನಿಮಿಷಕ್ಕೊಂದರಂತೆ 15 ನಿಮಿಷ ಚಿತ್ರ. ಬೆರಳಲ್ಲಿ ಹುಣ್ಣು ಇರುವವರಿಗೆ, ಬೆರಳ ತುದಿ ಕಪ್ಪಾಗಿರುವವರಿಗೆ, ಚಳಿಗೆ ಮೈತುಂಬ ದದ್ದು ಏಳುವವರಿಗೆ, ಎದೆನೋವಿನ ತೊಂದರೆ ಇರುವವರಿಗೆ ಇದನ್ನು ಮಾಡುವಂತಿಲ್ಲ.

ಓದಬೇಕಾದದ್ದು ಕೈ ಬೆಚ್ಚಗಾಗುತ್ತಾ ಹೋಗುವ ರೇಖೆಯನ್ನು. ಆರೋಗ್ಯವಂತರ ಬೆರಳು ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಮೊದಲಿನ ಬಿಸಿಗೆ ಬರುತ್ತದೆ, ಎಷ್ಟೋ ಸಲ ಅದನ್ನೂ ಮೀರುತ್ತದೆ. ಬೇರೆ ರೋಗದ ನೆರಳಿಲ್ಲದ, ಪ್ರಾಥಮಿಕ ರೇನೋ ಇರುವವರಲ್ಲಿ ಹಲವು ನಿಮಿಷ ಏನೂ ಆಗದೆ, ಆಮೇಲೆ ಒಮ್ಮೆಲೇ ರೇಖೆ ಮೇಲೇಳಬಹುದು. ಎರಡೂ ಕೈಯ ಬೆರಳುಗಳು ಹೆಚ್ಚುಕಡಿಮೆ ಒಟ್ಟಿಗೇ ಸಾಗುತ್ತವೆ. ಚರ್ಮ ಗಟ್ಟಿಯಾಗುತ್ತಾ ಹೋಗುವ ಸ್ಕ್ಲಿರೋಡರ್ಮಾದಂಥ ರೋಗದಲ್ಲಿ ರಕ್ತನಾಳದ ಗೋಡೆಯೇ ದಪ್ಪಗಾಗಿರುವುದರಿಂದ ಏರಿಕೆ ನಿಧಾನ, ಅಪೂರ್ಣ, ಬೆರಳಿಂದ ಬೆರಳಿಗೆ ಬೇರೆ ಬೇರೆ. ಈ ಎರಡನ್ನು ಬೇರ್ಪಡಿಸಲು ನಾವು ಹೆಚ್ಚು ನೆಚ್ಚುವುದು ಕೋಣೆಯನ್ನು 30 ಡಿಗ್ರಿಗೆ ಏರಿಸಿ ತೆಗೆದ ಚಿತ್ರವನ್ನು. ಅಷ್ಟು ಬೆಚ್ಚಗಿನ ಕೋಣೆಯಲ್ಲೂ ತುದಿ ಹಿಂಗೈಗಿಂತ ಒಂದು ಡಿಗ್ರಿಗೂ ಹೆಚ್ಚು ತಣ್ಣಗೇ ಉಳಿದರೆ, ಅದು ಬರಿಯ ಕುಗ್ಗುವಿಕೆಯಲ್ಲ, ನಾಳಕ್ಕೇ ಪೆಟ್ಟಾಗಿದೆ ಎಂಬ ಅನುಮಾನ ಬಲವಾಗುತ್ತದೆ.

ಅಲ್ಲಿಗೆ ರೋಗನಿರ್ಣಯ ಮುಗಿಯುವುದಿಲ್ಲ. ಉಗುರಬುಡದ ಲೋಮನಾಳಗಳನ್ನು ಕ್ಯಾಪಿಲರೋಸ್ಕೋಪಿಯಲ್ಲಿ, ಅಂದರೆ ಹಿಗ್ಗಿಸಿ ತೋರಿಸುವ ಮಸೂರದಡಿ ನೋಡಬೇಕು, ದೇಹ ತನ್ನದೇ ಜೀವಕೋಶಗಳ ವಿರುದ್ಧ ತಯಾರಿಸುವ ಪ್ರತಿಕಾಯಗಳನ್ನು ಹುಡುಕುವ ಎ.ಎನ್.ಎ. ರಕ್ತಪರೀಕ್ಷೆ ಮಾಡಿಸಬೇಕು. ಸ್ಕ್ಲಿರೋಡರ್ಮಾ ಗುರುತಿಸಲು ಬಳಸುವ 2013ರ ಅಂತರರಾಷ್ಟ್ರೀಯ ಮಾನದಂಡದಲ್ಲಿ ರೇನೋಗೆ, ಉಗುರಬುಡದ ಬದಲಾವಣೆಗೆ, ರಕ್ತದ ಪ್ರತಿಕಾಯಗಳಿಗೆ ಅಂಕವಿದೆ. ಥರ್ಮಲ್ ಚಿತ್ರಕ್ಕೆ ಇಲ್ಲ. ಕಲ್ಲುಗಣಿಯಲ್ಲಿ ಡ್ರಿಲ್ಲಿಂಗ್ ಮಾಡುವವರನ್ನೂ ಮರ ಕೊಯ್ಯುವ ಮೆಷಿನ್ ಹಿಡಿಯುವವರನ್ನೂ ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು ಗಂಟೆ ಎಂದು ಕೇಳದೆ ಬಿಡಬಾರದು. ಯಂತ್ರದ ಕಂಪನದಿಂದ ಬರುವ ಬಿಳಿ ಬೆರಳಿಗೂ ಇದೇ ಬಗೆಯ ರೇಖೆ ಬರುತ್ತದೆ.

ಒಂದೇ ಬೆರಳು ಅಥವಾ ಒಂದೇ ಕೈ ತಣ್ಣಗಿದ್ದರೆ ತಣ್ಣೀರಿನ ಪರೀಕ್ಷೆಗೆ ಹೊತ್ತು ಕಳೆಯಬೇಡಿ. ಅಲ್ಲಿ ದೊಡ್ಡ ನಾಳವೇ ಕಟ್ಟಿಕೊಂಡಿರಬಹುದು: ಕುತ್ತಿಗೆಯ ಹೆಚ್ಚುವರಿ ಪಕ್ಕೆಲುಬು ಒತ್ತಿದ್ದಿರಬಹುದು, ಬೀಡಿ ಸೇದುವವರಲ್ಲಿ ನಾಳ ಉರಿಯೂತದಿಂದ ಕಟ್ಟಿಕೊಳ್ಳುವ ಬರ್ಜರ್ ರೋಗವಿರಬಹುದು, ಅಂಗೈಯ ಬುಡದಿಂದಲೇ ಗುದ್ದಿ ಕೆಲಸ ಮಾಡುವವರಲ್ಲಿ ಉಂಗುರಬೆರಳು, ಕಿರುಬೆರಳಿನ ಕಡೆಯ ಅಪಧಮನಿಗೆ ಪೆಟ್ಟಾಗಿರಬಹುದು. ಎರಡೂ ಕೈಯ ನಾಡಿ ಹಿಡಿದು, ಮಣಿಕಟ್ಟಿನ ಎರಡು ಅಪಧಮನಿಗಳನ್ನು ಒತ್ತಿ ಒಂದೊಂದಾಗಿ ಬಿಟ್ಟು ನೋಡುವ ಆಲನ್ ಪರೀಕ್ಷೆ ಮಾಡಿ, ರಕ್ತದ ಹರಿವನ್ನು ಶಬ್ದತರಂಗದಿಂದ ನೋಡುವ ಡಾಪ್ಲರ್‌ಗೆ ಅಂದೇ ಕಳಿಸಬೇಕು. ತುದಿ ಕಪ್ಪಾಗಿದ್ದರೆ, ನೋವು ನಿಲ್ಲದಿದ್ದರೆ ಅದು ತುರ್ತು ಚಿಕಿತ್ಸೆಯ ವಿಷಯ.

ರಿಪೋರ್ಟಿನಲ್ಲಿ ಹೆಚ್ಚು ಮೋಸ ಮಾಡುವುದು ಬಣ್ಣ. ಕ್ಯಾಮೆರಾವನ್ನು ಆಟೋ ಸ್ಕೇಲ್‌ನಲ್ಲಿ ಬಿಟ್ಟರೆ ಅರ್ಧ ಡಿಗ್ರಿಯ ಅಂತರವೂ ಕಡುಗೆಂಪು, ಕಡುನೀಲಿಯಾಗಿ ಕಂಡು ರೋಗಿ ಹೆದರುತ್ತಾರೆ. ನಾವು ಎಲ್ಲ ಚಿತ್ರಗಳಿಗೂ 20ರಿಂದ 36 ಡಿಗ್ರಿಯ ಒಂದೇ ಅಳತೆಪಟ್ಟಿ ಇಡುತ್ತೇವೆ. ಕೋಣೆಯ ಉಷ್ಣತೆ, ಕಾದ ಸಮಯ, ನೀರಿನ ಉಷ್ಣತೆ, ಮುಳುಗಿಸಿದ ಅವಧಿ, ಪ್ರತಿ ಬೆರಳಿನ ನಿಮಿಷವಾರು ಅಂಕಿ, ತುದಿಗೂ ಹಿಂಗೈಗೂ ಇರುವ ಅಂತರ ಇಷ್ಟೂ ಬರೆದಿರಬೇಕು. ನಿಮ್ಮ ಕೈಗೆ ಬಂದ ರಿಪೋರ್ಟಿನಲ್ಲಿ ಒಂದು ಬಣ್ಣದ ಚಿತ್ರ ಮತ್ತು "ರಕ್ತಸಂಚಾರ ಕಡಿಮೆ" ಎಂಬ ಒಂದು ಸಾಲು ಮಾತ್ರ ಇದ್ದರೆ, ಉಳಿದ ಅಂಕಿಗಳನ್ನು ಕೇಳಿ ಪಡೆದ ಮೇಲೆಯೇ ಅದನ್ನು ರುಮಟಾಲಜಿಸ್ಟ್ (ಕೀಲು ಮತ್ತು ಸ್ವಯಂ-ನಿರೋಧಕ ರೋಗಗಳ ತಜ್ಞರು) ಬಳಿ ಒಯ್ಯಿರಿ.