ಗಲ್ಫ್ ಕಾರ್ಡು ಊರಿಗೆ ಬರುವುದಿಲ್ಲ

ಕಳೆದ ತಿಂಗಳು ಮಂಗಳೂರಿನ ನಮ್ಮ ಇನ್ಶೂರೆನ್ಸ್ ಆಫೀಸಿಗೆ ಕುಂದಾಪುರ ಕಡೆಯವರೊಬ್ಬರು ಬಂದರು. 26 ವರ್ಷ ದುಬೈಯಲ್ಲಿ ದುಡಿದು, ವೀಸಾ ಕ್ಯಾನ್ಸಲ್ ಮಾಡಿಸಿ ಬಂದವರು. ಪ್ರಾಯ 57. ಪರ್ಸಿನಿಂದ ಅಲ್ಲಿನ ಹೆಲ್ತ್ ಇನ್ಶೂರೆನ್ಸ್ ಕಾರ್ಡು ತೆಗೆದು ಮೇಜಿನ ಮೇಲಿಟ್ಟರು. "ಇದನ್ನ ಇಲ್ಲಿಗೆ ಮಾಡಿಸಿಕೊಳ್ಳಲಿಕ್ಕೆ ಆಗ್ತದಾ?" ಎಂದು ಕೇಳಿದರು.

ಆಗುವುದಿಲ್ಲ. ಈ ಮಾತು ಹೇಳುವಾಗ ಪ್ರತಿ ಸಲವೂ ನನಗೆ ಸಂಕಟವಾಗುತ್ತದೆ.

ದುಬೈಯಲ್ಲಿ 2013ರ ಕಾನೂನಿನ ಪ್ರಕಾರ ಕೆಲಸಗಾರರಿಗೆ ವಿಮೆ ಮಾಡಿಸುವುದು ಕಂಪನಿಯ ಹೊಣೆ. ಅಬುಧಾಬಿಯಲ್ಲಿ ಅದಕ್ಕೂ ಮೊದಲೇ ಇತ್ತು. 2025ರ ಜನವರಿಯಿಂದ ಶಾರ್ಜಾ, ಅಜ್ಮಾನ್ ಕಡೆಗೂ ಬಂತು. ಅಲ್ಲಿನ ಬೇಸಿಕ್ ಪ್ಯಾಕೇಜು ಆಗ ವರ್ಷಕ್ಕೆ 320 ದಿರ್ಹಮ್ ಇತ್ತು. ಒಳ್ಳೆಯ ವ್ಯವಸ್ಥೆಯೇ. ಜ್ವರ ಬಂದರೆ ಕ್ಲಿನಿಕ್ಕಿಗೆ ಹೋಗಿ ಕಾರ್ಡು ತೋರಿಸಿ, ನಮ್ಮ ಪಾಲಿನ ಸ್ವಲ್ಪ ದುಡ್ಡು ಕಟ್ಟಿ ಬಂದರಾಯ್ತು. ವರ್ಷಗಟ್ಟಲೆ ಹೀಗೆ ನಡೆದಾಗ ಆ ಕಾರ್ಡು ನಮ್ಮದೇ ಅನ್ನಿಸಿಬಿಡುತ್ತದೆ. ಆದರೆ ಕೆಲಸ, ವೀಸಾ ಇರುವವರೆಗೆ ಮಾತ್ರ ಅದು ನಮ್ಮದು.

ಊರಿಗೆ ಬಂದ ಮೇಲೆ ಹೊಸ ಪಾಲಿಸಿ ಸಿಗುವುದೇ ಇಲ್ಲ ಅಂತಲ್ಲ. ಕಷ್ಟ ಇರುವುದು ಕಾಯುವ ಅವಧಿಯಲ್ಲಿ. ಶುಗರ್, ಬಿಪಿಯಂಥ ಮೊದಲೇ ಇದ್ದ ಕಾಯಿಲೆಗೆ ಇನ್ಶೂರೆನ್ಸ್ ಕಂಪನಿ 3 ವರ್ಷದವರೆಗೂ ದುಡ್ಡು ಕೊಡದೆ ಇರಬಹುದು. 2024ಕ್ಕೆ ಮೊದಲು ಇದು 4 ವರ್ಷ ಇತ್ತು. ಗಲ್ಫಿನಿಂದ ಬರುವವರ ಕೈಚೀಲದಲ್ಲಿ ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಸ್ಟ್ರಿಪ್ಪು ಇಲ್ಲದೆ ಇರುವುದೇ ಅಪರೂಪ. ಅಂದರೆ ಆಸ್ಪತ್ರೆಯ ಅಗತ್ಯ ಜಾಸ್ತಿ ಬೀಳುವ ವಯಸ್ಸಿನಲ್ಲೇ 3 ವರ್ಷ ಅರೆಬರೆ ರಕ್ಷಣೆ.

ಅದಕ್ಕೇ ನಾನು ಹೇಳುವುದು, ಅಲ್ಲಿರುವಾಗಲೇ ಇಲ್ಲಿ ಒಂದು ಪಾಲಿಸಿ ಶುರು ಮಾಡಿ. "ಎರಡೆರಡು ಕಡೆ ಯಾಕೆ ಸುಮ್ನೆ ದುಡ್ಡು?" ಎನ್ನುತ್ತಾರೆ. ನಮ್ಮ ಪಾಲಿಸಿಗಳು ಸಾಮಾನ್ಯವಾಗಿ ಭಾರತದೊಳಗಿನ ಚಿಕಿತ್ಸೆಗೆ ಮಾತ್ರ ಕೊಡುತ್ತವೆ, ನಿಜ. ಆದರೆ ನೀವು ದುಬೈಯ ದೇರಾದ ರೂಮಿನಲ್ಲಿ ನಿದ್ದೆ ಮಾಡುತ್ತಿದ್ದರೂ ಇಲ್ಲಿ ಆ 3 ವರ್ಷ ಓಡುತ್ತಿರುತ್ತದೆ. ರಜೆಗೆ ಬಂದಾಗ ಮೆಡಿಕಲ್ ಟೆಸ್ಟು ಮುಗಿಸಬಹುದು. ಪ್ರೀಮಿಯಮ್ಮನ್ನು ಹೊರದೇಶದ ದುಡಿಮೆ ಹಾಕುವ ಊರಿನ ಎನ್‌ಆರ್‌ಇ ಬ್ಯಾಂಕ್ ಖಾತೆಯಿಂದಲೇ ಕಟ್ಟಬಹುದು.

ರಿನ್ಯೂವಲ್ ತಪ್ಪಬಾರದು. ನಾನು ನೋಡಿದ ಹೆಚ್ಚಿನ ಪಾಲಿಸಿಗಳು ಸತ್ತಿರುವುದು ದುಡ್ಡಿಲ್ಲದೆ ಅಲ್ಲ, ಊರಿನ ಸಿಮ್ಮು ಬಂದ್ ಆಗಿ ಮೆಸೇಜ್ ಬಾರದೆ. ವರ್ಷಕ್ಕೊಮ್ಮೆ ಕಟ್ಟುವವರಿಗೆ ತಡವಾದರೂ ಕಟ್ಟಲು 30 ದಿನದ ಗ್ರೇಸ್ ಇರುತ್ತದೆ. ಅದೂ ದಾಟಿದರೆ ಕಾದ ವರ್ಷಗಳೆಲ್ಲ ನೀರಿನಲ್ಲಿ ಹೋಮ. ಇಮೇಲ್ ಕೊಡಿ, ಊರಿನಲ್ಲಿರುವ ಹೆಂಡತಿಯದೋ ತಮ್ಮನದೋ ನಂಬರೂ ಕೊಡಿ.

ಇನ್ನೊಂದು ಮಾತು. ಶುಗರ್ ಮುಚ್ಚಿಡಬೇಡಿ. "ಬರೆಯುವುದು ಬೇಡ, ಯಾರಿಗೆ ಗೊತ್ತಾಗ್ತದೆ" ಎಂದು ಹೇಳಿಕೊಡುವ ಏಜೆಂಟರಿದ್ದಾರೆ. ಅವರ ಮೇಲೆ ನನಗೆ ಸಿಟ್ಟಿದೆ. ಮುಂದೊಂದು ದಿನ ಎದೆನೋವಿಗೆ ಅಡ್ಮಿಟ್ ಆದಾಗ ಡಾಕ್ಟರು "ಎಷ್ಟು ವರ್ಷದಿಂದ ಶುಗರ್?" ಎಂದು ಕೇಳುತ್ತಾರೆ. ನೀವು ನಿಜ ಹೇಳುತ್ತೀರಿ, ಹೇಳಲೇಬೇಕು ಅಲ್ವಾ? ಕೇಸ್ ಶೀಟಿನಲ್ಲಿ "ಕೆ/ಸಿ/ಓ ಡಿಎಂ, 12 ವರ್ಷ" ಎಂಬ ಒಂದು ಸಾಲು ಬೀಳುತ್ತದೆ, ಅಂದರೆ 12 ವರ್ಷದಿಂದ ಶುಗರ್ ಇದೆ ಅಂತ. ಕ್ಲೇಮು ನೋಡುವವರು ಮೊದಲು ಹುಡುಕುವುದೇ ಆ ಸಾಲನ್ನು. ಪಾಲಿಸಿ ತೆಗೆದು ಎರಡೇ ವರ್ಷ ಆಗಿದ್ದು, ಅರ್ಜಿಯಲ್ಲಿ "ಇಲ್ಲ" ಎಂದು ಬರೆದಿದ್ದರೆ ಕ್ಲೇಮಿನ ಜೊತೆ ಪಾಲಿಸಿಯೂ ಹೋಗಬಹುದು.

ಕುಂದಾಪುರದವರಿಗೆ ಶುಗರ್, ಬಿಪಿ ಎರಡನ್ನೂ ಬರೆದೇ ಅರ್ಜಿ ಹಾಕಿದೆವು. ಪ್ರೀಮಿಯಮ್ ಏರಿತು. 3 ವರ್ಷ ಕಾಯಲೇಬೇಕು. ಅಲ್ಲಿಯವರೆಗೆ ಕೆಲಸ ಬಿಡುವಾಗ ಸಿಕ್ಕ ಸರ್ವೀಸಿನ ದುಡ್ಡಿನಲ್ಲಿ ಒಂದು ಪಾಲು ಆಸ್ಪತ್ರೆಗೆಂದೇ ಎಫ್‌ಡಿ ಇಡಲು ಹೇಳಿದೆ. ದುಬೈಯ ಮೆಡಿಕಲ್ ಫೈಲನ್ನು ಬಿಸಾಡಬೇಡಿ ಮಾರಾಯ್ರೇ ಎಂದೂ ಹೇಳಿದೆ.

ಅವರು ಅಲ್ಲೇ ಕೂತು ಶಾರ್ಜಾದಲ್ಲಿರುವ ತಮ್ಮನಿಗೆ ಫೋನ್ ಹಚ್ಚಿದರು. ತಮ್ಮನಿಗೆ 41. ಬಿಪಿ ಇನ್ನೂ ಶುರುವಾಗಿಲ್ಲ. "ಆಗಸ್ಟಿನಲ್ಲಿ ಬರ್ತೀಯಲ್ಲ, ಮನೆಗೆ ಹೋಗುವ ಮೊದಲು ಇವರ ಆಫೀಸಿಗೆ ಬಾ" ಎಂದರು.