ದವಡೆ ನೋವಿಗೆ ಮಸಾಜ್: ಬೆರಳು ಎಲ್ಲಿಡಬೇಕು, ಎಷ್ಟು ಒತ್ತಬೇಕು

ಬೆಳಿಗ್ಗೆ ಏಳುವಾಗಲೇ ಕೆನ್ನೆ ಬಿಗಿದಿರುತ್ತದೆ, ಕಣತಲೆ ಸಿಡಿಯುತ್ತಿರುತ್ತದೆ, ಒಂದು ಬದಿಯ ದವಡೆ ಹಲ್ಲುಗಳೆಲ್ಲ ಮಂದವಾಗಿ ನೋಯುತ್ತಿರುತ್ತವೆ. ಇಂಥವರು ಮೊದಲು ದಂತವೈದ್ಯರ ಬಳಿ ಹೋಗುತ್ತಾರೆ, ಹೋಗಲೇಬೇಕು. ಎಕ್ಸ್‌ರೇಯಲ್ಲಿ ಹುಳುಕಾಗಲಿ ಕೀವಾಗಲಿ ಕಾಣದೆ, ನೋವು ಮಾತ್ರ ಹಾಗೇ ಉಳಿದರೆ ದವಡೆಯ ಸ್ನಾಯುಗಳ ಕಡೆ ನೋಡಬೇಕಾಗುತ್ತದೆ. ರಾತ್ರಿಯೆಲ್ಲ ಹಲ್ಲು ಮಸೆಯುವವರಿಗೆ, ಹಗಲು ಗೊತ್ತಿಲ್ಲದೆ ಹಲ್ಲು ಕಚ್ಚಿಕೊಂಡು ಕೂರುವವರಿಗೆ ನೋಯುವುದು ಹೆಚ್ಚಾಗಿ ಈ ಸ್ನಾಯುಗಳೇ.

ಎರಡೂ ಕೆನ್ನೆಗಳ ಮೇಲೆ ಬೆರಳಿಟ್ಟು ಹಲ್ಲು ಕಚ್ಚಿ ನೋಡಿ. ಕೆನ್ನೆಮೂಳೆಯಿಂದ ದವಡೆಯ ಮೂಲೆಯವರೆಗೆ ಉಬ್ಬಿ ಗಟ್ಟಿಯಾಗುವುದು ಮ್ಯಾಸೆಟರ್ ಸ್ನಾಯು. ಕಣತಲೆಯಲ್ಲಿ, ಕಿವಿಯ ಮೇಲ್ಭಾಗದಲ್ಲಿ ಅಗಲವಾಗಿ ಹರಡಿಕೊಂಡು ಮಿಡಿಯುವುದು ಟೆಂಪೊರಾಲಿಸ್. ಈ ಎರಡರ ನೋವೂ ಇದ್ದಲ್ಲೇ ಇರುವುದಿಲ್ಲ. ಮ್ಯಾಸೆಟರ್‌ನ ಮೇಲ್ಪದರದ ನೋವು ದವಡೆ ಹಲ್ಲುಗಳಿಗೆ ಇಳಿಯುತ್ತದೆ, ಒಳಪದರದ್ದು ಕಿವಿಯೊಳಗೆ ನುಗ್ಗುತ್ತದೆ. ಟೆಂಪೊರಾಲಿಸ್ ನೋವು ಮೇಲಿನ ಸಾಲಿನ ಹಲ್ಲುಗಳಿಗೂ ಹಣೆಯ ಬದಿಗೂ ಹೋಗುತ್ತದೆ. ಕಿವಿ ಪರೀಕ್ಷೆ ಮಾಡಿಸಿ ಏನೂ ಇಲ್ಲ ಎನಿಸಿಕೊಂಡು ಬಂದವರಲ್ಲಿ ಅನೇಕರ ತೊಂದರೆಯ ಮೂಲ ಕೆನ್ನೆಯಲ್ಲೇ ಇರುತ್ತದೆ.

ಇದನ್ನು ಖಚಿತ ಮಾಡಿಕೊಳ್ಳುವ ಬಗೆ ಸುಲಭ. ದವಡೆ ನೋವಿನ ತಪಾಸಣೆಗೆ 2014ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಈ ಎರಡು ಸ್ನಾಯುಗಳನ್ನು ಒತ್ತಬೇಕಾದ ಬಲ 1 ಕೆ.ಜಿ. ಅದು ಎಷ್ಟೆಂದು ತಿಳಿಯಲು ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ತೋರುಬೆರಳಿಟ್ಟು, ಅಂಕಿ 1000 ಗ್ರಾಂ ಮುಟ್ಟುವವರೆಗೆ ಒತ್ತಿ. ಹೆಚ್ಚಿನವರಿಗೆ ಅಚ್ಚರಿಯಾಗುತ್ತದೆ, ತಾವು ಕೆನ್ನೆ ತಿಕ್ಕುವಾಗ ಇದರ ಎರಡು ಮೂರು ಪಟ್ಟು ಒತ್ತುತ್ತಿದ್ದೆವೆಂದು ಗೊತ್ತಾಗುತ್ತದೆ. ಅದೇ ಬಲದಲ್ಲಿ ಸ್ನಾಯುವಿನ ಒಂದೊಂದು ಜಾಗವನ್ನೂ 5 ಸೆಕೆಂಡ್ ಒತ್ತಿ ಹಿಡಿಯಿರಿ. ‘ದಿನಾ ನೋಯುವುದು ಇದೇ ನೋವು’ ಎನಿಸಿದರೆ ಸ್ನಾಯುವಿನದೇ ಕೆಲಸ. ತಣ್ಣೀರು ಕುಡಿದಾಗ ಒಂದೇ ಹಲ್ಲು ಜುಮ್ಮೆಂದರೆ, ಚಮಚದಿಂದ ಮೆಲ್ಲಗೆ ತಟ್ಟಿದಾಗ ನೋವು ಕುಟುಕಿದರೆ ಅದು ಹಲ್ಲಿನ ತೊಂದರೆ, ಮಸಾಜ್ ಮಾಡುತ್ತಾ ದಿನ ಕಳೆಯಬೇಡಿ.

ಬೆರಳಿಡುವ ಮುಂಚೆ ಒಂದು ಮಾತನ್ನು ಒತ್ತಿ ಹೇಳಬೇಕು. ನಮ್ಮಲ್ಲಿ ಗುಟ್ಕಾ, ಅಡಿಕೆ, ತಂಬಾಕು ಜಗಿಯುವವರು ಬಹಳ. ಅವರಲ್ಲಿ ಯಾರಿಗಾದರೂ ಬಾಯಿ ಕ್ರಮೇಣ ಕಡಿಮೆ ತೆರೆಯುತ್ತಿದ್ದರೆ, ಸಾರು ಉಪ್ಪಿನಕಾಯಿ ತಿಂದಾಗ ಬಾಯಿ ಉರಿಯುತ್ತಿದ್ದರೆ, ಕೆನ್ನೆಯ ಒಳಗೆ ಬಿಳಿಚಿಕೊಂಡ ಗಟ್ಟಿ ಪಟ್ಟಿಗಳು ಕೈಗೆ ಸಿಗುತ್ತಿದ್ದರೆ ಅದು ಸ್ನಾಯುವಿನ ಬಿಗಿತವಲ್ಲ. ಅದು ಸಬ್‌ಮ್ಯೂಕಸ್ ಫೈಬ್ರೋಸಿಸ್. ಅಡಿಕೆಯಿಂದ ಬರುವ ಈ ರೋಗದಲ್ಲಿ ಕೆನ್ನೆಯ ಒಳಪೊರೆಯೇ ನಾರುಗಟ್ಟಿಕೊಳ್ಳುತ್ತದೆ, ಅದು ಕ್ಯಾನ್ಸರ್‌ಗೆ ತಿರುಗುವ ಅಪಾಯವೂ ಇದೆ. ಎಷ್ಟು ತಿಕ್ಕಿದರೂ ಆ ನಾರು ಕರಗುವುದಿಲ್ಲ. ಜಗಿಯುವುದನ್ನು ಇಂದೇ ನಿಲ್ಲಿಸಿ ಸರ್ಕಾರಿ ದಂತ ಕಾಲೇಜಿಗೋ ಬಾಯಿಯ ಶಸ್ತ್ರಚಿಕಿತ್ಸಕರ ಬಳಿಗೋ ಹೋಗಬೇಕು.

ಉಳಿದ ಎಚ್ಚರಿಕೆಗಳನ್ನು ಬೇಗ ಹೇಳಿಬಿಡುತ್ತೇವೆ. 50 ದಾಟಿದವರಿಗೆ ಹೊಸದಾಗಿ ಕಣತಲೆ ನೋವು ಶುರುವಾಗಿ, ಅಗಿಯುವಾಗ ದವಡೆ ಸೋತು, ಕಣ್ಣು ಮಂಜಾದರೆ ಅಂದೇ ಆಸ್ಪತ್ರೆಗೆ ಹೋಗಬೇಕು, ರಕ್ತನಾಳದ ಉರಿಯೂತದಿಂದ ದೃಷ್ಟಿ ಹೋಗಬಹುದು. ಮೆಟ್ಟಿಲು ಹತ್ತುವಾಗ ಬಂದು ಕೂತಾಗ ಹೋಗುವ ದವಡೆ ನೋವು ಹೃದಯದ್ದಿರಬಹುದು. ಆಕಳಿಸಿದಾಗ ಬಾಯಿ ತೆರೆದಲ್ಲೇ ಸಿಕ್ಕಿಕೊಂಡರೆ ಮನೆಯಲ್ಲಿ ತಳ್ಳಲು ಹೋಗಬೇಡಿ. ಜ್ವರ, ಊತ ಇದ್ದ ಕಡೆ ಶಾಖವೂ ಬೇಡ, ಮಸಾಜೂ ಬೇಡ.

ಈಗ ಕೆಲಸಕ್ಕೆ ಬರೋಣ. ತಲೆಗೆ ಆಸರೆ ಇರುವಂತೆ ಒರಗಿ ಕೂತುಕೊಳ್ಳಿ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲನ್ನು 10 ನಿಮಿಷ ಕೆನ್ನೆಗೆ ಒತ್ತಿಟ್ಟುಕೊಳ್ಳಿ, ಆರಿದಾಗ ಮತ್ತೆ ಅದ್ದಿ. ಎಣ್ಣೆ ಧಾರಾಳವಾಗಿ ಸವರುವುದು ನಮ್ಮವರ ರೂಢಿ, ಇಲ್ಲಿ ಅದು ತೊಂದರೆಯೇ ಸರಿ. ಬೆರಳು ಜಾರಿದರೆ ಸ್ನಾಯು ಹಿಡಿತಕ್ಕೆ ಸಿಗುವುದಿಲ್ಲ. ಎರಡು ಹನಿ ಕೊಬ್ಬರಿ ಎಣ್ಣೆ ಸಾಕು, ಇಲ್ಲದಿದ್ದರೂ ಆದೀತು.

ತುಟಿ ಸಡಿಲ, ಹಲ್ಲುಗಳ ನಡುವೆ ಬೆರಳಗಲಕ್ಕಿಂತ ಕಡಿಮೆ ಅಂತರ. ತೋರು, ನಡು, ಉಂಗುರ ಬೆರಳುಗಳ ತುದಿಯನ್ನು ಕೆನ್ನೆಮೂಳೆಯ ಕೆಳ ಅಂಚಿಗೆ ಇಟ್ಟು ನಿಧಾನವಾಗಿ ಒಳಗೆ ಇಳಿಸಿ. ಆಮೇಲೆ ಚರ್ಮವನ್ನು ತಿಕ್ಕದೆ, ಸ್ನಾಯುವನ್ನು ಎಳೆದುಕೊಂಡೇ ದವಡೆಯ ಮೂಲೆಯವರೆಗೆ ಬನ್ನಿ. ಒಂದು ಎಳೆತಕ್ಕೆ 6ರಿಂದ 8 ಸೆಕೆಂಡ್ ಹಿಡಿಯಬೇಕು. ಹೀಗೆ 5 ಅಥವಾ 6 ಸಲ. ದಾರಿಯಲ್ಲಿ ಗಂಟಿನಂಥದ್ದು ಸಿಕ್ಕರೆ ಅಲ್ಲೇ ನಿಲ್ಲಿ, 30ರಿಂದ 60 ಸೆಕೆಂಡ್ ಸುಮ್ಮನೆ ಒತ್ತಿ ಹಿಡಿಯಿರಿ, ಉಸಿರನ್ನು ಉದ್ದಕ್ಕೆ ಬಿಡಿ. ನೋವು ಹತ್ತರಲ್ಲಿ ನಾಲ್ಕನ್ನು ದಾಟಬಾರದು. ಸರಿಯಾಗಿ ಒತ್ತಿದ್ದರೆ ಅರ್ಧ ನಿಮಿಷದಲ್ಲಿ ನೋವು ತಾನಾಗಿ ಇಳಿಯತೊಡಗುತ್ತದೆ. ಏರುತ್ತಲೇ ಹೋದರೆ ಒತ್ತಡ ಹೆಚ್ಚಾಗಿದೆ ಎಂದೇ ಲೆಕ್ಕ.

ಒತ್ತುವಾಗ ಬಾಯಲ್ಲಿ ನೀರೂರಿದರೆ ಗಾಬರಿ ಬೇಡ. ಮ್ಯಾಸೆಟರ್ ಮೇಲೆಯೇ ಜೊಲ್ಲಿನ ಗ್ರಂಥಿ, ಅದರ ನಾಳ ಹಾದುಹೋಗುತ್ತವೆ. ಆದರೆ ಕಿವಿಯ ಹಾಲೆಯ ಮುಂದೆ, ದವಡೆಯ ಮೂಲೆಯ ಹಿಂದೆ ಬೆರಳು ಹೋಗಬಾರದು. ಕಿವಿಯ ಮುಂದಿರುವುದು ಕೀಲು, ಅದನ್ನು ಒತ್ತಿ ಬಿಡಿಸಲು ಹೋದವರ ನೋವು ಹೆಚ್ಚುತ್ತದೆ. ಮೂಲೆಯ ಕೆಳಗೆ ಕತ್ತಿನಲ್ಲಿರುವುದು ಮೆದುಳಿಗೆ ರಕ್ತ ಒಯ್ಯುವ ಧಮನಿ.

ಕಣತಲೆಗೆ ಬೆರಳ ತುದಿ ಬೇಡ, ನಾಲ್ಕೂ ಬೆರಳುಗಳನ್ನು ಚಪ್ಪಟೆಯಾಗಿ ಕಿವಿಯ ಮೇಲೆ ಇಟ್ಟು ಕೂದಲ ಬುಡದ ಚರ್ಮವನ್ನು ಮೇಲಕ್ಕೆತ್ತಿ ಹಿಡಿಯಿರಿ. ಹಿಡಿದಿರುವಾಗಲೇ ಬಾಯನ್ನು ನಿಧಾನವಾಗಿ ತೆರೆದು ಮುಚ್ಚಿ, 5 ಸಲ. ಬೆರಳಡಿಯಲ್ಲಿ ಸ್ನಾಯು ಹಿಗ್ಗುವುದು ಗೊತ್ತಾಗುತ್ತದೆ. ಬೆಳಗಿನ ತಲೆನೋವಿಗೆ ಇದಕ್ಕಿಂತ ಒಳ್ಳೆಯ ಮನೆಮಸಾಜ್ ಇಲ್ಲವೆಂಬುದು ನಮ್ಮ ಅಭಿಪ್ರಾಯ.

ಹೊರಗಿನಿಂದ ಬಗ್ಗದ ಮ್ಯಾಸೆಟರನ್ನು ಬಾಯೊಳಗಿನಿಂದ ಹಿಡಿಯಬೇಕಾಗುತ್ತದೆ. ಉಗುರು ಕತ್ತರಿಸಿ, ಕೈ ತೊಳೆದು, ಬಳಸಿ ಎಸೆಯುವ ಗ್ಲೌಸ್ ಹಾಕಿಕೊಳ್ಳಿ, ಲೇಟೆಕ್ಸ್ ಅಲರ್ಜಿ ಇದ್ದವರು ನೈಟ್ರೈಲ್ ಗ್ಲೌಸ್ ಕೊಳ್ಳಲಿ. ಎಡಗೆನ್ನೆಗೆ ಬಲಗೈಯ ಹೆಬ್ಬೆರಳು. ಅದನ್ನು ಹಲ್ಲಿನ ಸಾಲಿಗೂ ಕೆನ್ನೆಗೂ ನಡುವೆ ತೂರಿಸಿ, ಮೃದುವಾದ ಕಡೆಯನ್ನು ಕೆನ್ನೆಗೆ ತಿರುಗಿಸಿ, ಹೊರಗಿನಿಂದ ತೋರುಬೆರಳು ಮತ್ತು ನಡುಬೆರಳನ್ನು ಎದುರಿಗೆ ತನ್ನಿ. ಒಮ್ಮೆ ಮೆಲ್ಲಗೆ ಹಲ್ಲು ಕಚ್ಚಿದರೆ ಹಗ್ಗದಂತೆ ಎದ್ದು ನಿಲ್ಲುವುದು ಸ್ನಾಯುವಿನ ಮುಂದಿನ ಅಂಚು. ದವಡೆ ಸಡಿಲ ಬಿಟ್ಟು, ಆ ಅಂಚನ್ನು ಹಗುರವಾಗಿ ಚಿವುಟಿದಂತೆ 20 ಸೆಕೆಂಡ್ ಹಿಡಿದು ಬಿಡಿ, ಅರ್ಧ ಬೆರಳಗಲ ಕೆಳಗೆ ಸರಿದು ಮತ್ತೆ ಹಿಡಿಯಿರಿ. ಒಂದು ಬದಿಗೆ 2 ನಿಮಿಷ, ವಾರಕ್ಕೆ 3 ದಿನ ಸಾಕು. ಬಾಯಲ್ಲಿ ಹುಣ್ಣಿದ್ದರೆ ಬೇಡ. ನಾಲಗೆಯ ಕಡೆ ಬೆರಳು ಹಾಕಿ ಇನ್ನೂ ಒಳಗಿನ ಸ್ನಾಯುಗಳನ್ನು ಹುಡುಕಬೇಡಿ. ಅಲ್ಲಿ ನರವಿದೆ, ವಾಂತಿ ಬಂದಂತಾಗುತ್ತದೆ, ಅದು ತರಬೇತಾದ ಕೈಯ ಕೆಲಸ.

ಮಸಾಜ್ ಮಾಡಿಯೂ ನೋವು ಹೆಚ್ಚಾಯಿತೆನ್ನುವವರಲ್ಲಿ ಕಾಣುವ ತಪ್ಪು ಬಹುಪಾಲು ಒಂದೇ, ಅತಿ ಒತ್ತಡ. ನೋವಾದೊಡನೆ ದವಡೆ ತನ್ನನ್ನು ಕಾಪಾಡಿಕೊಳ್ಳಲು ಇನ್ನಷ್ಟು ಬಿಗಿಯುತ್ತದೆ, ಹಲ್ಲು ಹಲ್ಲಿಗೆ ಅಂಟುತ್ತದೆ. ಮಾರನೆಯ ದಿನ ಸ್ವಲ್ಪ ಕೈಮುಟ್ಟಿದರೆ ನೋಯುವುದು ಸಹಜ, 24 ಗಂಟೆ ಕಳೆದೂ ಉಳಿದರೆ ಒತ್ತಡ ಅರ್ಧಕ್ಕೆ ಇಳಿಸಿ. ಮಸಾಜ್ ಗನ್ ಅನ್ನು ಮುಖಕ್ಕೆ ಖಂಡಿತ ಹಿಡಿಯಬೇಡಿ. ‘ಟಕ್’ ಶಬ್ದ ಹೋಗಲೆಂದು ದವಡೆಯನ್ನು ಆಚೀಚೆ ತಿರುಚುವವರೂ ಇದ್ದಾರೆ. ನೋವಿಲ್ಲದ ಶಬ್ದಕ್ಕೆ ಚಿಕಿತ್ಸೆಯೇ ಬೇಕಿಲ್ಲ.

ಮಸಾಜ್ ಸ್ನಾಯುವಿನ ನೋವು ಇಳಿಸುತ್ತದೆ, ನಿದ್ದೆಯಲ್ಲಿ ಹಲ್ಲು ಮಸೆಯುವುದನ್ನು ನಿಲ್ಲಿಸುವುದಿಲ್ಲ. ಆ ಚಟುವಟಿಕೆ ಮೆದುಳಿನಿಂದ ಬರುವಂಥದ್ದು. ದಂತವೈದ್ಯರು ಅಳತೆ ತೆಗೆದು ಮಾಡಿಕೊಡುವ ನೈಟ್ ಗಾರ್ಡ್ ಕೂಡ ಹಲ್ಲು ಸವೆಯದಂತೆ ಕಾಯುತ್ತದೆ, ಮಸೆತವನ್ನು ಅಳಿಸುವುದಿಲ್ಲ. ಸಂಜೆಯ ನಂತರದ ಕಾಫಿ, ಮದ್ಯ, ಸಿಗರೇಟು ಇದನ್ನು ಹೆಚ್ಚಿಸಬಲ್ಲವು. ಖಿನ್ನತೆಗೆ ಕೊಡುವ ಫ್ಲುಆಕ್ಸೆಟಿನ್, ಸರ್ಟ್ರಲೀನ್‌ನಂಥ ಮಾತ್ರೆಗಳಿಂದಲೂ ಕೆಲವರಿಗೆ ಹಲ್ಲು ಮಸೆತ ಶುರುವಾಗುತ್ತದೆ. ಮಾತ್ರೆ ನೀವಾಗಿ ನಿಲ್ಲಿಸಬೇಡಿ, ಬರೆದುಕೊಟ್ಟ ವೈದ್ಯರಿಗೆ ತಿಳಿಸಿ. ಜೋರು ಗೊರಕೆ, ಹಗಲು ತೂಕಡಿಕೆ ಇದ್ದರೆ ನಿದ್ದೆಯಲ್ಲಿ ಉಸಿರು ಕಟ್ಟುತ್ತಿದೆಯೇ ಎಂದು ಪರೀಕ್ಷಿಸಿಕೊಳ್ಳಿ. ಮಕ್ಕಳು ಹಲ್ಲು ಕಡಿದರೆ ಹೊಟ್ಟೆಯಲ್ಲಿ ಹುಳು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಹುಳುವೇ ಕಾರಣವೆಂದು ತೀರ್ಮಾನಿಸಬೇಡಿ, ಹೆಚ್ಚಿನ ಮಕ್ಕಳಲ್ಲಿ ಇದು ಬೆಳೆಯುತ್ತ ತಾನೇ ನಿಲ್ಲುತ್ತದೆ.

ನಮ್ಮ ಕೈಯಲ್ಲಿರುವುದು ಹಗಲಿನ ಕಚ್ಚುವಿಕೆ. ಊಟ, ನುಂಗುವಿಕೆ ಬಿಟ್ಟರೆ ಮೇಲಿನ ಕೆಳಗಿನ ಹಲ್ಲುಗಳು ಒಂದಕ್ಕೊಂದು ತಾಗುವ ಅಗತ್ಯವೇ ಇಲ್ಲ, 2ರಿಂದ 4 ಮಿ.ಮೀ. ಅಂತರ ಇರಬೇಕು. ‘ನ’ ಎನ್ನುವಾಗ ನಾಲಗೆ ತಾಗುವ ಜಾಗಕ್ಕಿಂತ ತುಸು ಹಿಂದೆ, ಅಂಗುಳಿಗೆ ನಾಲಗೆಯನ್ನು ಹಗುರವಾಗಿ ಒರಗಿಸಿ, ತುಟಿ ಮುಚ್ಚಿ, ಮೂಗಿನಲ್ಲಿ ಉಸಿರಾಡಿ. ದ್ವಿಚಕ್ರ ವಾಹನ ಓಡಿಸುವವರು ಪ್ರತಿ ಸಿಗ್ನಲ್‌ನಲ್ಲೂ, ಕಂಪ್ಯೂಟರ್ ಮುಂದೆ ಕೂರುವವರು ಪರದೆಯ ಅಂಚಿಗೆ ಅಂಟಿಸಿದ ಸಣ್ಣ ಚೀಟಿ ಕಂಡಾಗಲೂ ಇದನ್ನು ನೋಡಿಕೊಳ್ಳಲಿ. ನಾಲಗೆ ಅಂಗುಳಿನಲ್ಲೇ ಇದ್ದಂತೆ, ಅದು ಬಿಡದಷ್ಟು ಮಾತ್ರ ಬಾಯಿ ತೆರೆದು ಮುಚ್ಚುವುದು ಒಳ್ಳೆಯ ವ್ಯಾಯಾಮ: ಒಂದು ಸರದಿಗೆ 6 ಸಲ, ದಿನಕ್ಕೆ 6 ಸರದಿ.

ನೋವು ಜೋರಾಗಿರುವ ಎರಡು ವಾರ ಕಟಿ ರೊಟ್ಟಿ, ಚಕ್ಕುಲಿ, ಕಬ್ಬು, ಚೂಯಿಂಗ್ ಗಮ್ ಬಿಡಿ. ಜಗಿಯದೆ ನುಂಗುವ ರಾಗಿ ಮುದ್ದೆ ಇಂಥ ದವಡೆಗೆ ಹೇಳಿ ಮಾಡಿಸಿದ ಊಟ. ಜೋಳದ ರೊಟ್ಟಿ ಬಿಡಲಾರದವರು ಬಿಸಿ ಮೆತ್ತನೆಯದನ್ನೇ ಬೇಳೆಯಲ್ಲಿ ಚೂರು ಮಾಡಿ ನೆನೆಸಿ ತಿನ್ನಲಿ.

ಗುಣ ಕಾಣುತ್ತಿದೆಯೇ ಎಂಬುದನ್ನು ಊಹೆಗೆ ಬಿಡಬೇಡಿ. ವಾರಕ್ಕೊಮ್ಮೆ ಕನ್ನಡಿಯ ಮುಂದೆ, ನೋವಾಗದಷ್ಟು ಬಾಯಿ ತೆರೆದು ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ಅಂಚುಗಳ ಅಂತರವನ್ನು ಸ್ಕೇಲಿನಿಂದ ಅಳೆದು ಬರೆದಿಡಿ. ದೊಡ್ಡವರಿಗೆ 40 ಮಿ.ಮೀ. ಆಸುಪಾಸು ಸಹಜ, ಅಂದಾಜಿಗೆ ತಮ್ಮದೇ ಮೂರು ಬೆರಳು ಹಿಡಿಯಬೇಕು. ನಾಲ್ಕು ವಾರವಾದರೂ 35 ಮಿ.ಮೀ. ದಾಟದಿದ್ದರೆ, ಅಥವಾ ತೆರೆಯುವಾಗ ದವಡೆ ಒಂದೇ ಬದಿಗೆ ವಾಲುತ್ತಿದ್ದರೆ ಕೀಲಿನೊಳಗಿನ ಡಿಸ್ಕ್ ಸರಿದಿರಬಹುದು. ಆಗ ಮಸಾಜ್ ನಿಲ್ಲಿಸಿ, ಬರೆದಿಟ್ಟ ಅಳತೆಗಳ ಸಮೇತ ದವಡೆ ಕೀಲಿನ ತೊಂದರೆ ನೋಡುವ ತಜ್ಞರನ್ನು ಕಾಣಿ.