ಪರಿಹಾರಕ್ಕೂ ಮೊದಲು ವಕೀಲರ ಫೀ: ವೈದ್ಯರ ಹೊಣೆಗಾರಿಕೆ ವಿಮೆ ನಡೆದು ಬಂದ ದಾರಿ

ಶಸ್ತ್ರಚಿಕಿತ್ಸೆಯಲ್ಲಿ ತಪ್ಪಾಯಿತೆಂದು ರೋಗಿಯ ಕಡೆಯವರು ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟರೆ, ವೈದ್ಯರ ಕೈಗೆ ಮೊದಲು ಬರುವುದು ನೋಟಿಸು. ಪರಿಹಾರದ ಆದೇಶ ಹೊರಬೀಳಲು ವರ್ಷಗಳು ಹಿಡಿಯಬಹುದು, ದೂರು ವಜಾ ಆಗಲೂಬಹುದು. ಆದರೆ ವಕೀಲರ ಫೀ, ಕೇಸ್ ಶೀಟಿನ ನಕಲುಗಳು, ತಜ್ಞರ ಅಭಿಪ್ರಾಯ, ವಾಯಿದೆಯಿಂದ ವಾಯಿದೆಗೆ ಓಡಾಟ, ಇವುಗಳ ಖರ್ಚು ನೋಟಿಸು ಬಂದ ದಿನದಿಂದಲೇ ಶುರುವಾಗುತ್ತದೆ. ವಿಮೆ ಮಾಡಿಸುವಾಗ ಎಲ್ಲರೂ ಕೇಳುವುದು ಎಷ್ಟು ಲಕ್ಷದ ಕವರ್ ಎಂದು. ಕೇಸು ಗೆದ್ದರೂ ತಪ್ಪದ ಈ ಖರ್ಚನ್ನು ಯಾರು, ಯಾವಾಗ, ಯಾವ ಮೊತ್ತದೊಳಗಿಂದ ಕೊಡುತ್ತಾರೆಂದು ಕೇಳುವವರು ಕಡಿಮೆ.

ನಮ್ಮಿಂದ ಇನ್ನೊಬ್ಬರಿಗಾದ ಹಾನಿಯ ಪರಿಹಾರವನ್ನು ತುಂಬಿಕೊಡುವ ಹೊಣೆಗಾರಿಕೆ ವಿಮೆ 1880ರಲ್ಲಿ ಬ್ರಿಟನ್ನಿನಲ್ಲಿ ಬಂದ ಮಾಲೀಕರ ಹೊಣೆಗಾರಿಕೆ ಕಾಯ್ದೆಯ ಬೆನ್ನಿಗೇ ಬೆಳೆಯಿತು. ತನ್ನ ತಪ್ಪಿಗೆ ತಾನೇ ವಿಮೆ ಮಾಡಿಸುವುದು ಸರಿಯೇ ಎಂಬ ಅನುಮಾನ ಆಗ ಬಲವಾಗಿಯೇ ಇತ್ತು. ವೈದ್ಯರದ್ದು ಬೇರೆ ದಾರಿ. 1885ರಲ್ಲಿ ಅಲ್ಲಿನ ವೈದ್ಯರು ಕಟ್ಟಿಕೊಂಡ ಸಂಘದ ಹೆಸರೇ ‘ಮೆಡಿಕಲ್ ಡಿಫೆನ್ಸ್ ಯೂನಿಯನ್’. ಅವರಿಗೆ ಮೊದಲು ಬೇಕಾಗಿದ್ದದ್ದು ಆರೋಪ ಬಂದಾಗ ಪರವಾಗಿ ನಿಂತು ವಾದಿಸುವವರು; ಪರಿಹಾರದ ಹಣದ ಮಾತು ಆಮೇಲಿನದು. ಅಮೆರಿಕದಲ್ಲಿ ಇದೇ ವಿಚಾರ ನ್ಯಾಯಾಲಯಗಳ ಮೂಲಕ ಗಟ್ಟಿಯಾಯಿತು. ‘ಗ್ರೇ ವಿರುದ್ಧ ಜೂರಿಚ್’ ಪ್ರಕರಣದಲ್ಲಿ 1966ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್, ಕೊನೆಗೆ ಪರಿಹಾರ ಕೊಡಬೇಕಾಗಿ ಬರದಿದ್ದರೂ, ಪಾಲಿಸಿಯ ವ್ಯಾಪ್ತಿಗೆ ಬರಬಹುದಾದ ದಾವೆಯಲ್ಲಿ ವಿಮಾದಾರನ ಪರವಾಗಿ ಕೇಸು ನಡೆಸುವುದು ಕಂಪನಿಯ ಕರ್ತವ್ಯವೆಂದು ಹೇಳಿತು. ಅಂದರೆ ಪರಿಹಾರ ತುಂಬುವ ಹೊಣೆಗಿಂತ ಕೇಸು ನಡೆಸುವ ಹೊಣೆ ದೊಡ್ಡದು.

ಭಾರತದಲ್ಲಿ 1973ರ ರಾಷ್ಟ್ರೀಕರಣದ ನಂತರ ಸಾಮಾನ್ಯ ವಿಮೆ ಬಹುಕಾಲ ನಾಲ್ಕು ಸರ್ಕಾರಿ ಕಂಪನಿಗಳ ಕೈಯಲ್ಲಿತ್ತು. ಹೊಣೆಗಾರಿಕೆ ವಿಮೆಯೆಂದರೆ ಜನರಿಗೆ ಗೊತ್ತಿದ್ದದ್ದು ವಾಹನದ ಥರ್ಡ್ ಪಾರ್ಟಿ ವಿಮೆ ಮಾತ್ರ. ಅಲ್ಲಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ ಕಂಪನಿಯೇ ಎದುರುದಾರನಾಗಿ ನಿಂತು, ತನ್ನ ವಕೀಲರಿಂದ ವಾದ ಮಾಡಿಸುತ್ತದೆ. ಎಲ್ಲ ಹೊಣೆಗಾರಿಕೆ ವಿಮೆಯೂ ಹೀಗೇ ಇರುತ್ತದೆಂಬ ನಂಬಿಕೆ ನಮ್ಮಲ್ಲಿ ಬೇರೂರಲು ಬಹುಶಃ ಇದೇ ಕಾರಣ.

ವೈದ್ಯರ ಮಟ್ಟಿಗೆ ಚಿತ್ರ ಬದಲಾದದ್ದು 1995ರ ನವೆಂಬರ್ 13ರಂದು. ಭಾರತೀಯ ವೈದ್ಯಕೀಯ ಸಂಘ ಮತ್ತು ವಿ.ಪಿ. ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಹಣ ಪಡೆದು ಕೊಡುವ ಚಿಕಿತ್ಸೆ 1986ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಡಿ ‘ಸೇವೆ’ಯೇ ಹೌದೆಂದು ತೀರ್ಪು ನೀಡಿತು. ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ಕೊಡುವ ಕಡೆಗಳಷ್ಟೇ ಹೊರಗುಳಿದವು. ಆಗ ಗ್ರಾಹಕರ ವೇದಿಕೆಗೆ ದೂರು ಕೊಡಲು ಕೋರ್ಟ್ ಫೀ ಇರಲಿಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂಬ ನಿಯಮವೂ ಇರಲಿಲ್ಲ. ರೋಗಿಗೆ ಇದು ಸಿಗಬೇಕಾಗಿದ್ದ ಅನುಕೂಲವೇ. ಆದರೆ ಎದುರು ಪಕ್ಷದಲ್ಲಿದ್ದ ವೈದ್ಯರಿಗೆ, ನರ್ಸಿಂಗ್ ಹೋಮಿಗೆ, ವಕೀಲರಿಲ್ಲದೆ ನಡೆಯುತ್ತಿರಲಿಲ್ಲ. ವೃತ್ತಿಪರರ ಹೊಣೆಗಾರಿಕೆ ವಿಮೆಯಾದ ‘ಪ್ರೊಫೆಷನಲ್ ಇಂಡೆಮ್ನಿಟಿ’ ಪಾಲಿಸಿ ನಮ್ಮಲ್ಲಿ ಮನೆಮಾತಾದದ್ದು ಈ ತೀರ್ಪಿನ ನಂತರ.

ಆ ಪಾಲಿಸಿಯಲ್ಲಿ ಏನಿದೆಯೆಂಬುದನ್ನು ಸ್ವಲ್ಪ ನಿಂತು ನೋಡಬೇಕು. ಕೇಸಿನ ಖರ್ಚು ಅದರಲ್ಲಿ ಸೇರಿದೆ, ನಿಜ. ಆದರೆ ಸಾಮಾನ್ಯವಾಗಿ ಬಳಕೆಯಲ್ಲಿರುವ ಕರಾರಿನ ಪ್ರಕಾರ, ವಿಮಾದಾರನ ಹೆಸರಿನಲ್ಲಿ ಕೇಸು ನಡೆಸಲು ಕಂಪನಿಗೆ ಹಕ್ಕಿದೆ, ಬಾಧ್ಯತೆಯಿಲ್ಲ. ಅಮೆರಿಕದಲ್ಲಿ ಕರ್ತವ್ಯವಾಗಿದ್ದದ್ದು ಇಲ್ಲಿ ಹಕ್ಕಾಗಿದೆ, ಅದೂ ಕಂಪನಿಯ ಹಕ್ಕು. ವೈದ್ಯರೇ ವಕೀಲರನ್ನು ಗೊತ್ತು ಮಾಡಿಕೊಂಡರೆ, ಕಂಪನಿಯ ಪೂರ್ವಾನುಮತಿ ಪಡೆದು ಮಾಡಿದ ಖರ್ಚನ್ನು ಮಾತ್ರ ಅದು ತುಂಬಿಕೊಡುತ್ತದೆ. ನೋಟಿಸು ಕಂಡ ಗಾಬರಿಯಲ್ಲಿ ಪರಿಚಯದ ವಕೀಲರ ಬಳಿ ಓಡಿ, ಉತ್ತರ ಕಳಿಸಿದ ಮೇಲೆ ಪಾಲಿಸಿಯ ಫೈಲು ಹುಡುಕುವವರಿಗೆ ಆ ಮೊದಲ ಬಿಲ್ಲು ವಾಪಸು ಬರುವುದು ಕಷ್ಟ.

ಎರಡನೆಯದು ಮೊತ್ತದ ಲೆಕ್ಕ. ಪಾಲಿಸಿಯ ಮಿತಿಯೊಳಗೇ ಪರಿಹಾರವೂ ಕೇಸಿನ ಖರ್ಚೂ ಬರುವುದು ಇಲ್ಲಿನ ವಾಡಿಕೆ. ಒಂದು ಪ್ರಕರಣಕ್ಕೆ 10 ಲಕ್ಷ ರೂಪಾಯಿ ಮಿತಿಯಿದೆ ಎಂದಿಟ್ಟುಕೊಳ್ಳಿ. ಜಿಲ್ಲೆ, ರಾಜ್ಯ, ರಾಷ್ಟ್ರ ಎಂದು ಮೂರು ಹಂತಗಳಲ್ಲಿ ಕೇಸು ಎಳೆದು ವಕೀಲರಿಗೂ ತಜ್ಞರಿಗೂ 3 ಲಕ್ಷ ಹೋದರೆ, ಪರಿಹಾರಕ್ಕೆ ಉಳಿಯುವುದು 7 ಲಕ್ಷ. 9 ಲಕ್ಷದ ಆದೇಶವಾದರೆ 2 ಲಕ್ಷ ವೈದ್ಯರ ಜೇಬಿನಿಂದಲೇ ಹೋಗಬೇಕು. ಚೆನ್ನಾಗಿ ವಾದಿಸಿದಷ್ಟೂ ರಕ್ಷಣೆ ಕರಗುವ ಈ ಏರ್ಪಾಡು ಕಾನೂನಿಗೆ ವಿರುದ್ಧವೇನಲ್ಲ. ಆದರೆ ಪ್ರೀಮಿಯಂ ಕಟ್ಟುವ ಹೊತ್ತಿನಲ್ಲಿ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಅರ್ಧ ಪುಟ ಓಡುವ ಇಂಗ್ಲಿಷ್ ವಾಕ್ಯಗಳನ್ನು ಓದಿ ತಿಳಿದುಕೊಳ್ಳುವ ಪುರುಸೊತ್ತು ಹೊರರೋಗಿಗಳ ಸಾಲು ನಿಂತಿರುವವರಿಗೆ ಇರುವುದೂ ಇಲ್ಲ.

ಹಲವು ಪಾಲಿಸಿಗಳಲ್ಲಿ ಇನ್ನೊಂದು ಕೊಂಡಿಯಿದೆ. ರಾಜಿ ಮಾಡಿಕೊಳ್ಳೋಣವೆಂದು ಕಂಪನಿ ಸೂಚಿಸಿ, ತಪ್ಪೇ ಮಾಡದವನು ರಾಜಿಯೇಕಾಗಲಿ ಎಂದು ವೈದ್ಯರು ಹಟ ಹಿಡಿದರೆ, ಕಂಪನಿಯ ಹೊಣೆ ಆ ರಾಜಿಯ ಮೊತ್ತಕ್ಕೂ ಆ ದಿನದವರೆಗಿನ ಖರ್ಚಿಗೂ ನಿಂತುಬಿಡುತ್ತದೆ. ಕಂಪನಿಗೆ ಅದು ಲೆಕ್ಕದ ಮಾತು. ಸಣ್ಣ ಊರಿನ ವೈದ್ಯರಿಗೆ ಹೆಸರಿನ ಮಾತು.

2013ರಲ್ಲಿ ಮೊತ್ತದ ಚರ್ಚೆ ದಿಢೀರನೆ ಜೋರಾಯಿತು. ಕೋಲ್ಕತ್ತದಲ್ಲಿ ನಡೆದ ಚಿಕಿತ್ಸೆಯ ನಂತರ 1998ರಲ್ಲಿ ಮುಂಬೈಯಲ್ಲಿ ಸಂಭವಿಸಿದ ಸಾವೊಂದಕ್ಕೆ ಸುಪ್ರೀಂ ಕೋರ್ಟ್ ಸುಮಾರು 6 ಕೋಟಿ ರೂಪಾಯಿ ಪರಿಹಾರವನ್ನೂ ಅದರ ಮೇಲೆ ಬಡ್ಡಿಯನ್ನೂ ವಿಧಿಸಿದಾಗ, ಎಲ್ಲರ ಕಣ್ಣು ಆ ಅಂಕಿಯ ಮೇಲಿತ್ತು. ಸಾವಿಗೂ ಆದೇಶಕ್ಕೂ ನಡುವೆ ಕಳೆದ 15 ವರ್ಷಗಳಲ್ಲಿ ಎರಡೂ ಕಡೆಯವರು ಕೇಸಿಗೆ ಎಷ್ಟು ಸುರಿದಿರಬಹುದೆಂಬ ಮಾತು ಅಷ್ಟಾಗಿ ಬರಲಿಲ್ಲ.

ಗಡಿಯಾರದ ಮುಳ್ಳು ಬಿಗಿಯಾದದ್ದು 2020ರಲ್ಲಿ. ದೂರಿನ ಪ್ರತಿ ಸಮೇತ ನೋಟಿಸು ಕೈಸೇರಿದ ಮೇಲೆ ಲಿಖಿತ ಉತ್ತರ ಕೊಡಲು 30 ದಿನ, ಆಯೋಗ ಒಪ್ಪಿದರೆ ಇನ್ನೂ 15 ದಿನ. ಅದರಾಚೆಗೆ ಒಂದು ದಿನವನ್ನೂ ಕೊಡಲಾಗದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಮಾರ್ಚ್ 4ರಂದು ಹೇಳಿತು. ಆ ಪ್ರಕರಣದಲ್ಲಿ ಒಂದು ಪಕ್ಷ ವಿಮಾ ಕಂಪನಿಯೇ ಆಗಿತ್ತೆಂಬುದು ಬೇರೆ ಮಾತು. ಈ 45 ದಿನಗಳೊಳಗೇ ವೈದ್ಯರು ಕಂಪನಿಗೆ ತಿಳಿಸಬೇಕು, ಕಡತ ಶಾಖೆಯಿಂದ ಮೇಲಿನ ಕಚೇರಿಗೆ ಹೋಗಬೇಕು, ವಕೀಲರ ಹೆಸರಿಗೂ ಫೀಗೂ ಒಪ್ಪಿಗೆ ಬರಬೇಕು, ಆ ವಕೀಲರು ಕೇಸ್ ಶೀಟು ಓದಿ ತಕರಾರು ಬರೆಯಬೇಕು. ಒಪ್ಪಿಗೆಗೆ ಕಾದರೆ ವಾಯಿದೆ ಮೀರುತ್ತದೆ, ಕಾಯದಿದ್ದರೆ ಖರ್ಚು ತಿರಸ್ಕೃತವಾಗುತ್ತದೆ. ಕಂಪನಿ ಇಷ್ಟು ದಿನದೊಳಗೆ ಉತ್ತರಿಸದಿದ್ದರೆ ಒಪ್ಪಿಗೆ ಸಿಕ್ಕಂತೆಯೇ ಎಂಬ ಒಂದು ಸಾಲು ಪಾಲಿಸಿಯಲ್ಲಿದ್ದಿದ್ದರೆ ಈ ಇಕ್ಕಟ್ಟು ಅರ್ಧ ಸಡಿಲವಾಗುತ್ತಿತ್ತು.

ಪೊಲೀಸ್ ಠಾಣೆಯ ದಾರಿ ಹಿಡಿದ ದೂರುಗಳ ಕಥೆಯೇ ಬೇರೆ. ವೈದ್ಯರ ಮೇಲೆ ಕ್ರಿಮಿನಲ್ ಮೊಕದ್ದಮೆ ನಿಲ್ಲಬೇಕಾದರೆ ನಿರ್ಲಕ್ಷ್ಯ ಘೋರ ಸ್ವರೂಪದ್ದಾಗಿರಬೇಕೆಂದು ಜೇಕಬ್ ಮ್ಯಾಥ್ಯೂ ಎಂಬ ವೈದ್ಯರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿದೆ. ಆದರೂ ಎಫ್‌ಐಆರ್ ಆದರೆ ಜಾಮೀನಿಗೂ ಅದರ ರದ್ದತಿ ಕೋರಿ ಹೈಕೋರ್ಟಿಗೂ ವಕೀಲರು ಬೇಕೇ ಬೇಕು. ಸಾಮಾನ್ಯ ಪಾಲಿಸಿ ಅಪರಾಧ ಕೃತ್ಯಗಳನ್ನು ಹೊರಗಿಡುವುದರಿಂದ, ಇದಕ್ಕೆ ಪ್ರತ್ಯೇಕ ರಕ್ಷಣೆ ಸೇರಿಸಿಕೊಳ್ಳದಿದ್ದವರಿಗೆ ಆ ಖರ್ಚು ಸಿಗುವ ಭರವಸೆಯಿಲ್ಲ.

2019ರ ಹೊಸ ಗ್ರಾಹಕರ ಸಂರಕ್ಷಣಾ ಕಾಯ್ದೆಯ ಮಸೂದೆಯಲ್ಲಿ ‘ಆರೋಗ್ಯ ಸೇವೆ’ ಎಂಬ ಪದವನ್ನು ಕೈಬಿಟ್ಟಾಗ ವೈದ್ಯರು ಈ ವ್ಯಾಪ್ತಿಯಿಂದ ಹೊರಬಂದರೆಂಬ ವಾದ ಹುಟ್ಟಿತು. 2022ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಮನ್ನಣೆ ಕೊಡಲಿಲ್ಲ. 2024ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ ವಕೀಲರ ಸೇವೆಯನ್ನು ಗ್ರಾಹಕ ಕಾಯ್ದೆಯಿಂದ ಹೊರಗಿಟ್ಟಿತು. ಹಾಗಾಗಿ ಇಂದು ವೈದ್ಯರ ಮೇಲೆ ಆಯೋಗಕ್ಕೆ ಹೋಗಬಹುದು, ಅವರ ಪರ ವಾದಿಸುವವರ ಮೇಲೆ ಹೋಗುವಂತಿಲ್ಲ.

ಇಷ್ಟೆಲ್ಲದರ ನಡುವೆ ಹೆಚ್ಚು ಜನ ಎಡವುವುದು ನಿವೃತ್ತಿಯ ವೇಳೆಯಲ್ಲಿ. ಈ ಪಾಲಿಸಿಗಳಲ್ಲಿ ಚಿಕಿತ್ಸೆ ಕೊಟ್ಟ ದಿನ ಪಾಲಿಸಿ ಇದ್ದರೆ ಸಾಲದು, ದೂರು ಬಂದ ದಿನವೂ ಇರಬೇಕು. ನರ್ಸಿಂಗ್ ಹೋಮಿನ ಬೋರ್ಡು ಇಳಿಸಿದ ತಿಂಗಳೇ ಪ್ರೀಮಿಯಂ ನಿಲ್ಲಿಸುವುದು ಸಹಜ. ಆದರೆ ರೋಗಿಗೆ ದೂರು ಕೊಡಲು ಎರಡು ವರ್ಷಗಳ ಕಾಲಾವಕಾಶವಿದೆ. ಪಾಲಿಸಿ ಮುಗಿದ ಬಳಿಕವೂ ದೂರು ತಿಳಿಸಲು ಹೆಚ್ಚಿನ ಅವಧಿಯನ್ನು ಮೊದಲೇ ಕೇಳಿ ಪಡೆಯದಿದ್ದರೆ, ಮನೆಯ ವಿಳಾಸಕ್ಕೆ ಬರುವ ಆ ನೋಟಿಸಿಗೆ ಉತ್ತರ ಬರೆಸುವ ಫೀ ಪೂರ್ತಿ ಸ್ವಂತದ್ದು.